ಸಗಣಿಯಿಂದ ಕರೆಂಟ್: ಹಿನ್ನೀರಿನ ಆಚೆ ನಮ್ಮ ಗೋಬರ್ ಗ್ಯಾಸ್ ಜನರೇಟರ್

ಕರೆಂಟ್ ಬಿಲ್ ಇಳಿಸಬೇಕು ಅಂತ ಸಗಣಿ ಗ್ಯಾಸಿನಲ್ಲಿ ಓಡುವ ಈ ಜನರೇಟರ್ ತಗೊಳ್ಳಬೇಡಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ, ರಾತ್ರಿ ಎರಡು-ಮೂರು ಗಂಟೆ ಬೆಳಕು ಬೇಕು, ಟ್ಯಾಂಕಿಗೆ ನೀರು ಏರಬೇಕು, ಮೊಬೈಲ್ ಚಾರ್ಜ್ ಆಗಬೇಕು ಅನ್ನುವವರಿಗೆ ಇದು. ಆ ಮಟ್ಟಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ಹಾಕಿಸಿ.

ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ಆಚೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ತೋಟ, ಗದ್ದೆ, ಮನೆ ಎಲ್ಲ ಮುಳುಗಿಸಿಕೊಂಡವರ ಮೊಮ್ಮಕ್ಕಳು ಅದೇ ನೀರಿನ ದಡದಲ್ಲಿ ಚಿಮಣಿ ಹಚ್ಚಿ ಕೂರುವುದು ನನಗೆ ಇವತ್ತಿಗೂ ಸಂಕಟದ ವಿಷಯ. ಕಾಡಿನ ನಡುವೆ ಕಂಬಗಳು, ದೂರ ದೂರದ ಒಂಟಿಮನೆಗಳು. ಪುನರ್ವಸು, ಪುಷ್ಯ ಮಳೆಯಲ್ಲಿ ಲೈನ್‌ಮ್ಯಾನ್ ಬರುವುದೇ ಕಷ್ಟ. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ, ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಾರೆ.

ಸೋಲಾರ್ ಇದೆ. ಆದರೆ ವಾರಗಟ್ಟಲೆ ಮೋಡ ಮುಚ್ಚಿದರೆ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ಹಾಗಾದರೆ ಕಟ್ಟಿಗೆಯ ಗ್ಯಾಸಿಫೈಯರ್, ಅಂದರೆ ಕಟ್ಟಿಗೆಯನ್ನು ಅರೆಬರೆ ಸುಟ್ಟು ಇಂಜಿನ್‌ಗೆ ಗ್ಯಾಸ್ ಮಾಡುವ ಯಂತ್ರ, ಯಾಕಲ್ಲ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ ಅದನ್ನು ಶುರು ಮಾಡಿದ್ದರು. ಮೊದಲು 3.7 ಕಿಲೋವ್ಯಾಟ್, ಆಮೇಲೆ 20. ಒಂದು ಯೂನಿಟ್‌ಗೆ ಒಂದು, ಒಂದೂವರೆ ಕಿಲೋ ಕಟ್ಟಿಗೆ ಸಾಕು. ಆದರೆ ಅದರಲ್ಲಿ ನೀರಿನಂಶ ಶೇ 20ಕ್ಕಿಂತ ಕಡಿಮೆ ಇರಬೇಕು. ಹಸಿ ಕಟ್ಟಿಗೆ ಹಾಕಿದರೆ ಗ್ಯಾಸ್ ಸತ್ವ ಕಳೆದುಕೊಳ್ಳುತ್ತದೆ, ಟಾರು ಜಾಸ್ತಿಯಾಗಿ ಇಂಜಿನ್ ಕಟ್ಟಿಕೊಳ್ಳುತ್ತದೆ. ಕುಣಿಗಲ್ ಬಯಲುಸೀಮೆ. ನಮ್ಮಲ್ಲಿ ಆಷಾಢದಲ್ಲಿ ಬಚ್ಚಲ ಒಲೆಗೇ ಒಣ ಕಟ್ಟಿಗೆ ಹುಡುಕಬೇಕು, ಅಲ್ವಾ? ಅಡಿಕೆ ಸಿಪ್ಪೆ ರಾಶಿಗಟ್ಟಲೆ ಸಿಗುತ್ತದೆ ನಿಜ, ಆದರೆ ಅದು ಸುಗ್ಗಿಯಲ್ಲಿ ಸಿಗುವುದು, ಜಾಗವನ್ನೂ ತುಂಬ ತಿನ್ನುತ್ತದೆ. ಸಗಣಿ ಹಾಗಲ್ಲ. ಎಂಥ ಮಳೆಯಲ್ಲೂ ಬೆಳಗಾದರೆ ಕೊಟ್ಟಿಗೆಯಲ್ಲಿರುತ್ತದೆ.

ಅಕ್ಕಪಕ್ಕದ ಮೂರು ಮನೆಯವರು ಸೇರಿ 6 ಘನ ಮೀಟರ್‌ನ ದೀನಬಂಧು ಮಾದರಿಯ, ಅಂದರೆ ನೆಲದೊಳಗೆ ಗುಮ್ಮಟ ಕಟ್ಟಿ ಗ್ಯಾಸ್ ಹಿಡಿಯುವ, ಗುಂಡಿ ಕಟ್ಟಿಸಿದೆವು. ಪೂರ್ತಿ ಗ್ಯಾಸ್ ಬರಬೇಕಾದರೆ ಇದಕ್ಕೆ ದಿನಕ್ಕೆ ಸುಮಾರು 150 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಒಂದು ಘನ ಮೀಟರ್ ಗ್ಯಾಸಿಗೆ ಇಂಥ ಸಣ್ಣ ಇಂಜಿನ್‌ನಲ್ಲಿ ಹೆಚ್ಚೆಂದರೆ ಒಂದೂವರೆ ಯೂನಿಟ್ ಕರೆಂಟ್. ಅರ್ಧ ಗ್ಯಾಸ್ ಒಲೆಗೆ ಹೋದರೆ ಉಳಿಯುವುದು ನಾಲ್ಕು ಯೂನಿಟ್ ಆಸುಪಾಸು. ಮಾರಿದವರು ಹೇಳಿದ್ದು ಇದರ ಎರಡರಷ್ಟು. ಅವರ ಮಾತು ನಂಬುವ ಬದಲು ನಿಮ್ಮ ಕೊಟ್ಟಿಗೆಯ ಸಗಣಿಯನ್ನು ಒಂದು ವಾರ ತೂಗಿ ನೋಡಿ. ಮೇಯಲು ಬಿಡುವ ಮಲೆನಾಡು ಗಿಡ್ಡ ತಳಿಯ ದನ ಅರ್ಧ ಸಗಣಿಯನ್ನು ಹುಲ್ಲುಗಾವಲು ಬ್ಯಾಣದಲ್ಲೇ ಹಾಕಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮನೆಗಳ ನಡುವೆ ಜಗಳ ಬರದ ಹಾಗೆ ನಾವು ಅನುಸರಿಸಿದ್ದು ಪುರ ಎಂಬ ಊರಿನ ಪದ್ಧತಿ. ಅದೂ ಕುಣಿಗಲ್ ತಾಲ್ಲೂಕೇ. ಅಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕ ಕಟ್ಟಿದ್ದು ಅಡುಗೆಗೆ. ಸಗಣಿ ಅಷ್ಟಕ್ಕೆ ಸಾಲದೆ, 1987ರಿಂದ ಆ ಗ್ಯಾಸಿನಲ್ಲಿ ಕರೆಂಟ್ ಮಾಡಿ ದೀಪ ಉರಿಸಿದರು, ಕುಡಿಯುವ ನೀರು ಎತ್ತಿದರು. ಮನೆಯವರು ಸಗಣಿ ತಂದು ತೂಗಿ ಕೊಡುವುದು, ಗ್ಯಾಸ್ ಬಿಟ್ಟು ಹೊರಬರುವ ಬಗ್ಗಡವನ್ನು ವಾಪಸ್ ಒಯ್ಯುವುದು. ನಮ್ಮಲ್ಲೂ ಈಗ ಗುಂಡಿಯ ಪಕ್ಕ ತಕ್ಕಡಿ ತೂಗುಹಾಕಿದ್ದೇವೆ. ಪಕ್ಕದ ಮನೆ ಅತ್ತಿಗೆ ಬರೆದಿಡುವ ಪುಸ್ತಕದ ಮೇಲೆ ಇಲ್ಲಿ ಯಾರಿಗೂ ಅನುಮಾನವಿಲ್ಲ.

ಕೊಟ್ಟಿಗೆ ಪದ್ಧತಿ ಮಾತ್ರ ಬದಲಾಗಲೇಬೇಕು. ನಾವು ದನದ ಕಾಲಡಿಗೆ ಸೊಪ್ಪು ಹಾಸುವವರು. ಸೊಪ್ಪು, ದರಕು (ಒಣಗಿದ ಎಲೆ) ಬೆರೆತ ಸಗಣಿ ಗುಂಡಿಗೆ ಹೋದರೆ ಮೇಲೆ ಕೆನೆಗಟ್ಟಿ ಗ್ಯಾಸ್ ಬರುವುದಿಲ್ಲ. ಅಪ್ಪಯ್ಯನಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ, ತೋಟಕ್ಕೆ ಗೊಬ್ಬರ ಕಡಿಮೆಯಾಗುತ್ತದೆ ಅಂತ. ಈಗ ಸೊಪ್ಪನ್ನು ಗೊಬ್ಬರ ಗುಂಡಿಗೇ ಹಾಕಿ ಮೇಲೆ ಬಗ್ಗಡ ಸುರಿಯುತ್ತೇವೆ. ಬೇಗ ಕಳಿಯುತ್ತದೆ. ಅಡಿಕೆ ಮರದ ಬುಡಕ್ಕೆ ಹಾಕಿ ನೋಡಿದ ಮೇಲೆ ಅಪ್ಪಯ್ಯನೇ ಬಗ್ಗಡ ಯಾವಾಗ ಸಿಗುತ್ತದೆ ಅಂತ ಕೇಳುತ್ತಾರೆ. ಕರೆಂಟ್ ಒಂದು ಪಕ್ಕಕ್ಕಿರಲಿ, ಈ ಗೊಬ್ಬರಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ. ಕೊಟ್ಟಿಗೆಗೆ ಫಿನಾಯಿಲ್ ಹಾಕಿ ತೊಳೆದ ನೀರು ಮಾತ್ರ ಗುಂಡಿಗೆ ಹೋಗಕೂಡದು.

ಇಂಜಿನ್ ತೊಂದರೆ ಕೊಡುವುದು ಗ್ಯಾಸಿನಿಂದಲೇ. ಸಗಣಿ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಅದು ಒಳಗಿನ ಲೋಹವನ್ನು ತಿನ್ನುತ್ತದೆ. ಲೇತ್ ಅಂಗಡಿಯ ಕಬ್ಬಿಣದ ಚೂರನ್ನು ತುಕ್ಕು ಹಿಡಿಸಿ ಕೊಳವೆಯಲ್ಲಿ ತುಂಬಿ, ಅದರ ಮೂಲಕ ಗ್ಯಾಸ್ ಹಾಯಿಸಬೇಕು. ಕಪ್ಪಾದ ಮೇಲೆ ತೆಗೆದು ಗಾಳಿಗೆ ಹರವಿದರೆ ಮತ್ತೆ ಬಳಸಬಹುದು. ಹರವಿದಾಗ ಅದು ಬಿಸಿಯೇರುತ್ತದೆ, ಹುಲ್ಲಿನ ಹತ್ತಿರ ಬೇಡ. ಪೈಪಿನಲ್ಲಿ ನಿಲ್ಲುವ ನೀರನ್ನೂ ಆಗಾಗ ಇಳಿಸಬೇಕು. ಇಷ್ಟು ಮಾಡಿದರೂ ಆಯಿಲ್ ಬೇಗ ಕೆಡುತ್ತದೆ. ಇನ್ನೊಂದು ವಿಷಯ, ದೀನಬಂಧುವಿನಲ್ಲಿ ಗ್ಯಾಸ್ ಖರ್ಚಾದ ಹಾಗೆ ಒತ್ತಡ ಇಳಿಯುತ್ತದೆ, ಇಂಜಿನ್ ಏರಿಳಿಯುತ್ತದೆ, ಬಲ್ಬು ಮಿಣುಕುತ್ತದೆ. ಮಧ್ಯೆ ಒಂದು ಗ್ಯಾಸ್ ಬಲೂನ್ ಇಟ್ಟ ಮೇಲೆ ಸರಿಹೋಯಿತು. ಆದರೆ ಸದ್ದು ಸದ್ದೇ. ಇಂಜಿನ್ ಮನೆಯಿಂದ ದೂರ, ಗಾಳಿ ಆಡುವ ಮಾಡಿನಡಿ ಇರಲಿ.

ದೊಡ್ಡ ಕೊರತೆ ಒಂದಿದೆ. ಬೇಕಾದಾಗಲೇ ಗ್ಯಾಸ್ ಕಡಿಮೆ. ಮಳೆಗಾಲದ ಥಂಡಿಗೆ ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ನಿಧಾನವಾಗುತ್ತವೆ. ಸಗಣಿಯನ್ನು ಬಿಸಿ ಇರುವಾಗಲೇ ಕಲಸಿ ಹಾಕುತ್ತೇವೆ, ಮಳೆನೀರು ಸೇರದ ಹಾಗೆ ತಗಡು ಮುಚ್ಚುತ್ತೇವೆ, ಕರೆಂಟ್ ಹೋದ ದಿನ ಮೂರೂ ಮನೆಯವರು ಗ್ಯಾಸ್ ಒಲೆ ಬಿಟ್ಟು ಸೌದೆಗೆ ಇಳಿಯುತ್ತೇವೆ. ಹಾಗೆ ಉಳಿಸಿದ ಗ್ಯಾಸಿನಲ್ಲೇ ಅಮ್ಮನ ಇನ್ಸುಲಿನ್ ಇರುವ ಫ್ರಿಜ್ ತಂಪಾಗಿ ಉಳಿಯುವುದು, ಮಕ್ಕಳು ಓದುವುದು.

ಕಟ್ಟಿಸುವವರು ಕೊಟ್ಟಿಗೆಗೆ ಹತ್ತಿರವಿರುವ ಎತ್ತರದ ಜಾಗ ಹುಡುಕಿ. ತಗ್ಗಿನಲ್ಲಿ ತೋಡಿದರೆ ಜಲ ಎದ್ದು ಗುಮ್ಮಟ ಬಿರುಕು ಬಿಡಬಹುದು. ಶಿವರಾತ್ರಿ ಹೊತ್ತಿಗೆ ಕೆಲಸ ಮುಗಿಯಲಿ. ಮೊದಲ ಸಲ ಗುಂಡಿ ತುಂಬಿಸಲು ರಾಶಿ ಸಗಣಿ ಬೇಕು, ಬಿಸಿಲಿರುವಾಗ ತುಂಬಿದರೆ ಗ್ಯಾಸ್ ಬೇಗ ಹುಟ್ಟುತ್ತದೆ.