ಹತ್ತು ದಿನದ ಯೆರೂಸಲೇಮ್ ಪ್ಯಾಕೇಜ್: ಬೀದರ್ ಮಂದಿ ದುಡ್ಡು ಕಟ್ಟುವ ಮುನ್ನ

ಬೀದರ್, ಹುಮನಾಬಾದ್, ಭಾಲ್ಕಿ ಕಡೆ ಭಾನುವಾರದ ಆರಾಧನೆ ಮುಗಿದ ಮೇಲೆ ಕೈಗೆ ಬರುವ ಬಣ್ಣದ ಪಾಂಪ್ಲೆಟ್ ಬಹಳ ಮಂದಿ ನೋಡಿರುತ್ತಾರೆ. ಜೋರ್ಡಾನ್, ಇಸ್ರೇಲ್, ಈಜಿಪ್ಟ್, ಒಟ್ಟು ಮೂರು ದೇಶ. ಹೈದರಾಬಾದಿನಿಂದ ಹೊರಟು ಹೈದರಾಬಾದಿಗೇ ವಾಪಸ್. ಊಟ, ವಸತಿ, ವೀಸಾ, ಗೈಡ್ ಎಲ್ಲ ಸೇರಿ ತಲೆಗೆ ಒಂದು ಲಕ್ಷ ದಾಟಿದ ಮೊತ್ತ. ಮಾರುವವರ ಹೆಸರು ಬೇರೆ ಬೇರೆ ಇದ್ದರೂ ಮಾರ್ಗ ಹೆಚ್ಚುಕಡಿಮೆ ಒಂದೇ. ಅದಕ್ಕೇ ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ, ಈ ಮಾದರಿಯ ಪ್ಯಾಕೇಜಿನದು.

ತೀರ್ಪು ಮೊದಲೇ ಹೇಳುವುದಾದರೆ, ಅರವತ್ತು ದಾಟಿದ, ಇಂಗ್ಲಿಷ್ ಬಾರದ ಹಿರಿಯರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ ತರುವುದರಲ್ಲಿ ಈ ಸೇವೆಗೆ ಐದಕ್ಕೆ ನಾಲ್ಕು ಕೊಡಬಹುದು. ಮಧ್ಯೆ ಗಡಿ ಮುಚ್ಚಿದರೆ, ವಿಮಾನ ನಿಂತರೆ, ಕ್ಷಿಪಣಿ ದಾಳಿಯ ಸೈರನ್ ಕೂಗಿದರೆ ಯಾರು ಏನು ಮಾಡಬೇಕು ಎಂಬ ವಿಷಯದಲ್ಲಿ ಒಂದೂವರೆಗಿಂತ ಹೆಚ್ಚು ಕೊಡಲಾಗದು. ಪಾಂಪ್ಲೆಟ್‌ನಲ್ಲಿ ಹೋಟೆಲಿನ ಸ್ಟಾರ್ ಎಷ್ಟು ಎಂಬುದು ದಪ್ಪ ಅಕ್ಷರದಲ್ಲಿರುತ್ತದೆ, ರದ್ದತಿಯ ಷರತ್ತು ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಓದಬೇಕಾದ್ದು ಎರಡನೆಯದನ್ನು.

ಮಾರ್ಗದಿಂದಲೇ ಶುರು ಮಾಡೋಣ. ಸಾಮಾನ್ಯ ಕ್ರಮ ಹೀಗೆ: ಗಲ್ಫಿನ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಅಮ್ಮಾನ್, ನೆಬೋ ಬೆಟ್ಟ, ಅಲ್ಲಿಂದ ಜೋರ್ಡಾನ್ ನದಿಯ ಅಲೆನ್‌ಬಿ ಸೇತುವೆ ದಾಟಿ ಯೆರಿಕೋ, ಬೇತ್ಲೆಹೇಮಿನಲ್ಲಿ ಮೂರು ರಾತ್ರಿ, ಯೆರೂಸಲೇಮ್, ನಜರೇತ್, ಗಲಿಲಾಯ, ಲವಣ ಸಮುದ್ರ. ಆಮೇಲೆ ಈಜಿಪ್ಟಿನ ತಾಬಾ ಗಡಿ ದಾಟಿ ಸೀನಾಯಿ ಬೆಟ್ಟ, ಕೈರೋ. ಇದರಲ್ಲಿ ಮೂರು ಕೊಂಡಿ ಸಡಿಲ.

ಮೊದಲನೆಯದು ಸೇತುವೆ. ಜೋರ್ಡಾನಿನವರು ಅದನ್ನು ಕಿಂಗ್ ಹುಸೇನ್ ಸೇತುವೆ ಎನ್ನುತ್ತಾರೆ. ಶುಕ್ರವಾರ, ಶನಿವಾರ ಬೇಗ ಮುಚ್ಚುತ್ತದೆ, ಯಹೂದಿಗಳ ದೊಡ್ಡ ಹಬ್ಬಕ್ಕೆ ಪೂರ್ತಿ ಬಂದ್. 2024ರ ಸೆಪ್ಟೆಂಬರ್‌ನಲ್ಲಿ ಒಮ್ಮೆ, 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಅಲ್ಲಿ ಗುಂಡಿನ ದಾಳಿ ನಡೆದು ಗಡಿಯೇ ಬಂದಾಯಿತು. ಅಂಥ ಹೊತ್ತಿಗೆ ಬಸ್ಸನ್ನು ಉತ್ತರದ ಶೇಖ್ ಹುಸೇನ್ ಗಡಿಗೆ ತಿರುಗಿಸಬೇಕು. ಆಗ ಮೊದಲು ಗಲಿಲಾಯ, ಆಮೇಲೆ ಯೆರೂಸಲೇಮ್ ಎಂದು ಕ್ರಮ ತಲೆಕೆಳಗಾಗುತ್ತದೆ, ಹೋಟೆಲ್ ಬುಕಿಂಗೂ ಬದಲಾಗಬೇಕು. "ಸೇತುವೆ ಮುಚ್ಚಿದರೆ ಯಾವ ಗಡಿ, ಹೆಚ್ಚಿನ ಖರ್ಚು ಯಾರದು?" ಎಂದು ಕೇಳಿ. ತಕ್ಷಣ ಉತ್ತರ ಕೊಟ್ಟವರು ಕೆಲಸ ಬಲ್ಲವರು. "ದೇವರಿದ್ದಾನೆ" ಎಂದವರಲ್ಲಿ ಭಕ್ತಿ ಇರಬಹುದು, ಯೋಜನೆ ಇಲ್ಲ. ಇನ್ನೊಂದು ತೊಡಕೂ ಇಲ್ಲುಂಟು. ಜೋರ್ಡಾನಿನ ವೀಸಾ ವಿಮಾನ ನಿಲ್ದಾಣದಲ್ಲಿ ಸಿಕ್ಕೀತು, ಈ ಸೇತುವೆಯಲ್ಲಿ ಸಿಗುವುದಿಲ್ಲ. ಅಮ್ಮಾನಿಗೇ ಮರಳಿ ವಿಮಾನ ಹತ್ತುವ ಪ್ಯಾಕೇಜ್ ಆದರೆ ವಾಪಸು ಬರುವಾಗಿನ ಕಾಗದವೂ ಸರಿ ಇದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಬೇಕು.

ಎರಡನೆಯದು ಬೇತ್ಲೆಹೇಮಿನ ಹೋಟೆಲ್. ಯೆರೂಸಲೇಮಿಗಿಂತ ಅಲ್ಲಿ ಬಾಡಿಗೆ ಅಗ್ಗ, ಪ್ಯಾಕೇಜಿನ ಲೆಕ್ಕ ಕೂಡಿಬರುವುದೇ ಅದರಿಂದ. ಎರಡೂ ಊರಿನ ನಡುವೆ ಹತ್ತು ಕಿಲೋಮೀಟರ್ ಇಲ್ಲ. ಆದರೆ ಬೇತ್ಲೆಹೇಮ್ ಇರುವುದು ಪ್ಯಾಲೆಸ್ಟೀನ್ ಪ್ರದೇಶವಾದ ಪಶ್ಚಿಮ ದಂಡೆಯಲ್ಲಿ, ಮಧ್ಯೆ ಗೋಡೆ, ತಪಾಸಣಾ ಠಾಣೆ. ಠಾಣೆ ಮುಚ್ಚಿದ ದಿನ ಯೆರೂಸಲೇಮ್ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೂ ಹೋಗುವಂತಿಲ್ಲ. 2025ರ ಜೂನ್‌ನಲ್ಲಿ ಇರಾನ್ ಮತ್ತು ಇಸ್ರೇಲ್ ನಡುವೆ ಹನ್ನೆರಡು ದಿನ ಯುದ್ಧ ನಡೆದಾಗ ಈ ಠಾಣೆಗಳು ಮುಚ್ಚಿದ್ದವು. ಇಡೀ ಪ್ರವಾಸದ ಉದ್ದೇಶವೇ ಯೆರೂಸಲೇಮ್ ಆಗಿದ್ದರೆ, ಕನಿಷ್ಠ ಎರಡು ರಾತ್ರಿ ಆ ಊರಲ್ಲೇ ಉಳಿಯುವ ಪ್ಯಾಕೇಜ್ ಹಿಡಿಯಿರಿ. ಹೆಚ್ಚು ಕೊಟ್ಟ ದುಡ್ಡು ವ್ಯರ್ಥವಲ್ಲ. ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದೂ ಊರಿನ ಮೇಲೆ ಬದಲಾಗುತ್ತದೆ. ಇಸ್ರೇಲಿನ ಒಳಗೆ ಇದ್ದಾಗ ಟೆಲ್ ಅವಿವ್‌ನ ಭಾರತೀಯ ರಾಯಭಾರ ಕಚೇರಿ, ಬೇತ್ಲೆಹೇಮಿನಲ್ಲಿದ್ದಾಗ ರಮಲ್ಲಾದಲ್ಲಿರುವ ಭಾರತದ ಪ್ರತಿನಿಧಿ ಕಚೇರಿ. ಎರಡರ ನಂಬರೂ ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಕವರಿನಲ್ಲಿ ಇಡಬೇಕು, ಮೊಬೈಲಿನಲ್ಲಿ ಮಾತ್ರ ಅಲ್ಲ.

ಮೂರನೆಯದು ತಾಬಾ, ಸೀನಾಯಿ. ಮರುಭೂಮಿಯ ದಾರಿ, ಬಸ್ಸಿನಲ್ಲಿ ಅರ್ಧ ದಿನಕ್ಕೂ ಮಿಕ್ಕಿ ಕೂರಬೇಕು, ಮಧ್ಯೆ ಮಧ್ಯೆ ಪೊಲೀಸ್ ತಪಾಸಣೆ. 2014ರ ಫೆಬ್ರವರಿ 16ರಂದು ಸೀನಾಯಿಯ ಸಂತ ಕ್ಯಾಥರಿನ್ ಮಠ ನೋಡಿಕೊಂಡು ಇಸ್ರೇಲಿಗೆ ದಾಟಲು ತಾಬಾದಲ್ಲಿ ನಿಂತಿದ್ದ ದಕ್ಷಿಣ ಕೊರಿಯಾದ ಚರ್ಚಿನ ಬಸ್ಸಿನಲ್ಲಿ ಬಾಂಬ್ ಸಿಡಿದು ಮೂವರು ಕೊರಿಯನ್ನರು ಮತ್ತು ಚಾಲಕ ಸತ್ತರು. ಹಳೆಯ ಮಾತು, ಖರೆ. ಆದರೂ ಮಂಡಿನೋವಿನ ಹಿರಿಯರಿಗೆ ಈ ಭಾಗದಿಂದ ಸಿಗುವುದಕ್ಕಿಂತ ತ್ರಾಸೇ ಹೆಚ್ಚು. ಬೆಟ್ಟ ಹತ್ತುವುದು ನಡುರಾತ್ರಿಗೆ, ಚಳಿಯಲ್ಲಿ. ಗುಂಪಿನ ಅರ್ಧ ಮಂದಿ ಹೋಟೆಲಿನಲ್ಲೇ ಉಳಿಯುತ್ತಾರೆ. ಈಜಿಪ್ಟ್ ಬಿಟ್ಟು ಎರಡೇ ದೇಶದ ಏಳೆಂಟು ದಿನದ ಪ್ಯಾಕೇಜ್ ಕೇಳಿ, ಕೊಡುವವರಿದ್ದಾರೆ. ಮಕ್ಕಳು ಕುವೈತ್‌ನಲ್ಲಿ ಕೆಲಸಕ್ಕಿದ್ದು, ಮುಂದೆ ಅಲ್ಲಿಗೆ ಹೋಗುವ ಆಲೋಚನೆ ಇದ್ದವರಿಗೆ ಇನ್ನೂ ಒಂದು ಕಾರಣ ಇದೆ. ಇಸ್ರೇಲಿಗೆ ಹೋಗಿ ಬಂದ ಗುರುತು ಪಾಸ್‌ಪೋರ್ಟಿನಲ್ಲಿದ್ದರೆ ಕುವೈತ್‌ನವರು ಒಳಗೆ ಬಿಡದಿರಬಹುದು. ಇಸ್ರೇಲಿನವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತದೆ ಬೇರೆ ಚೀಟಿ ಕೊಡುತ್ತಾರೆ. ಆದರೆ ತಾಬಾದಲ್ಲಿ ಈಜಿಪ್ಟ್ ಒತ್ತುವ ಮುದ್ರೆಯೇ ನೀವು ಎಲ್ಲಿಂದ ಬಂದಿರಿ ಎಂದು ಹೇಳಿಬಿಡುತ್ತದೆ.

ಇನ್ನು ದುಡ್ಡಿನ ಮಾತು. ಗುಂಪಿನ ವಿಮಾನ ಟಿಕೆಟ್ ಏಜೆಂಟರ ಖಾತೆಯಿಂದ ಖರೀದಿಯಾಗುತ್ತದೆ. ವಿಮಾನ ಕಂಪನಿಯೇ ಹಾರಾಟ ರದ್ದು ಮಾಡಿದರೆ ಮರುಪಾವತಿ ಬರುವುದೂ ಅದೇ ಖಾತೆಗೆ. ನಿಮ್ಮ ಕೈ ಸೇರುವುದು ಏಜೆಂಟರ ಮನಸ್ಸು ಮತ್ತು ಕರಾರು ಪತ್ರದ ಮೇಲೆ ನಿಂತಿದೆ. ಆದ್ದರಿಂದ ಕರಾರಿನಲ್ಲಿ ಮೂರು ಸಂದರ್ಭ ಬೇರೆ ಬೇರೆ ಬರೆಸಿಕೊಳ್ಳಿ: ನೀವೇ ಬೇಡವೆಂದರೆ ಏನು, ವೀಸಾ ಸಿಗದಿದ್ದರೆ ಏನು, ವಿದೇಶಾಂಗ ಸಚಿವಾಲಯ "ಹೋಗಬೇಡಿ" ಎಂದು ಸೂಚನೆ ಹೊರಡಿಸಿದರೆ ಅಥವಾ ವಿಮಾನ ನಿಂತರೆ ಏನು. ಮೂರಕ್ಕೂ ಸೇರಿ "ಮುಂಗಡ ಹಿಂದಿರುಗಿಸಲಾಗುವುದಿಲ್ಲ" ಎಂಬ ಒಂದೇ ಸಾಲು ಇದ್ದರೆ ಅಲ್ಲಿಂದ ಎದ್ದು ಬನ್ನಿ. ಮೂರನೆಯ ಸಂದರ್ಭದಲ್ಲಿ ತಾರೀಖು ಮುಂದೂಡುವುದೋ ಹಣ ವಾಪಸೋ ಎಂಬ ಆಯ್ಕೆ ನಿಮ್ಮ ಕೈಯಲ್ಲಿರಬೇಕು. "ಮುಂದಿನ ಬ್ಯಾಚಿಗೆ ಹಾಕುತ್ತೇವೆ" ಎಂಬ ಮಾತಿಗೆ ಅವಧಿಯ ಮಿತಿ ಬರೆಸದಿದ್ದರೆ ಆ ಬ್ಯಾಚ್ ಎಂದೂ ಹೊರಡದಿರಬಹುದು.

ಪೂರ್ತಿ ಹಣ ಒಂದೇ ಬಾರಿಗೆ ಕಟ್ಟಬೇಡಿ. ಹೆಸರು ಬರೆಸುವಾಗ ಸ್ವಲ್ಪ, ಟಿಕೆಟಿನ ಪಿಎನ್‌ಆರ್ ನಂಬರ್ ಕೈಗೆ ಬಂದಾಗ ಒಂದು ಕಂತು, ಉಳಿದದ್ದು ಇಸ್ರೇಲ್ ವೀಸಾ ಬಂದ ಮೇಲೆ. ಪಿಎನ್‌ಆರ್ ಸಿಕ್ಕ ದಿನವೇ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನಿಮ್ಮ ಹೆಸರು ಇದೆಯೇ ನೋಡಿ. ಬಿಲ್ಲಿನಲ್ಲಿ ಜಿಎಸ್‌ಟಿ, ಟಿಸಿಎಸ್ (ಮಾರುವವರು ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಬೇರೆ ಬೇರೆ ಕಾಣಬೇಕು. ಟಿಸಿಎಸ್ ನಿಮ್ಮ ಪ್ಯಾನ್ ಮೇಲೆ ಜಮಾ ಆದರೆ ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಕಚ್ಚಾ ಚೀಟಿಯಲ್ಲಿ ಕಟ್ಟಿದವರಿಗೆ ಅದೂ ಹೋಯಿತು. ಗೈಡ್ ಮತ್ತು ಚಾಲಕರ ಟಿಪ್ಸ್ ಸಾಮಾನ್ಯವಾಗಿ ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ, ಡಾಲರಿನಲ್ಲಿ ಕೇಳುತ್ತಾರೆ. ಎಷ್ಟು ಎಂದು ಇಲ್ಲೇ ಬರೆಸಿ.

ಒಂದು ಸೂಕ್ಷ್ಮದ ಮಾತು. ಇಂತಿಷ್ಟು ಮಂದಿಯನ್ನು ಕೂಡಿಸಿಕೊಟ್ಟರೆ ಕರೆದುಕೊಂಡು ಹೋಗುವವರಿಗೆ ಒಂದು ಸೀಟು ಪುಕ್ಕಟೆ ಎಂಬುದು ಈ ವ್ಯವಹಾರದ ರೂಢಿ. ಅದರಲ್ಲಿ ತಪ್ಪೇನಿಲ್ಲ, ಸಭಾಪಾಲಕರು ಜೊತೆಗಿದ್ದರೆ ಹಿರಿಯರಿಗೆ ಧೈರ್ಯ, ಸ್ಥಳದಲ್ಲಿ ವಾಕ್ಯ ಓದಿ ಹೇಳುವವರೂ ಬೇಕು. ಆದರೆ "ಈಗ ಹೋಗಬಹುದೇ" ಎಂಬ ಪ್ರಶ್ನೆಗೆ ಉತ್ತರವನ್ನು ಪುಕ್ಕಟೆ ಸೀಟಿನವರಿಂದ ಪಡೆಯಬಾರದು. ಅದನ್ನು ವಿದೇಶಾಂಗ ಸಚಿವಾಲಯದ ಮತ್ತು ರಾಯಭಾರ ಕಚೇರಿಯ ಸೂಚನೆಗಳಲ್ಲೇ ನೋಡಬೇಕು. ಮುಂಗಡ ಕಟ್ಟುವ ದಿನ ಒಮ್ಮೆ, ಕೊನೆಯ ಕಂತಿಗೆ ಒಮ್ಮೆ, ಹೊರಡುವ ಹಿಂದಿನ ದಿನ ಮತ್ತೊಮ್ಮೆ.

ವಿಮೆ ಇಡೀ ಪ್ಯಾಕೇಜಿನ ಅತಿ ದುರ್ಬಲ ಭಾಗ. "ಇನ್ಶೂರೆನ್ಸ್ ಸೇರಿದೆ" ಎಂದು ಬರೆದಿರುತ್ತದೆ, ಪಾಲಿಸಿ ಯಾರೂ ನೋಡಿರುವುದಿಲ್ಲ. ಬಹುತೇಕ ಪ್ರವಾಸ ವಿಮೆಗಳು ಯುದ್ಧದಿಂದಾದ ಗಾಯ, ನಷ್ಟ, ರದ್ದತಿಯನ್ನು ಹೊರಗಿಡುತ್ತವೆ. ಹೆದರಿ ನೀವೇ ರದ್ದು ಮಾಡಿದರಂತೂ ಏನೂ ಇಲ್ಲ. ಸರ್ಕಾರ ಬೇಡವೆಂದ ಮೇಲೂ ಹೋದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ದಾರಿ ಸಿಕ್ಕಂತೆ. ಹಾಗಾದರೆ ವಿಮೆ ಏಕೆ? ಜಾರಿ ಬಿದ್ದು ಸೊಂಟ ಮುರಿದರೆ, ಎದೆನೋವು ಬಂದರೆ ಅಲ್ಲಿಯ ಆಸ್ಪತ್ರೆ ಬಿಲ್ಲು ಕಟ್ಟಲು. ಈ ವಯಸ್ಸಿನ ಗುಂಪಿಗೆ ಕ್ಷಿಪಣಿಗಿಂತ ಹತ್ತಿರದ ಅಪಾಯ ಅದು. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಫಾರ್ಮಿನಲ್ಲಿ ತೋರಿಸಿ, ಮೊದಲೇ ಇದ್ದ ಕಾಯಿಲೆಗೆ ಎಷ್ಟರವರೆಗೆ ಕೊಡುತ್ತಾರೆ ನೋಡಿ. ನಿಮ್ಮ ಹೆಸರು, ವಯಸ್ಸು, ಮೂರೂ ದೇಶ ಮತ್ತು ಪ್ಯಾಲೆಸ್ಟೀನ್ ಪ್ರದೇಶ ಪಾಲಿಸಿಯಲ್ಲಿ ಸೇರಿವೆಯೇ ಎಂಬುದನ್ನೂ ನೋಡಬೇಕು, ಬೇತ್ಲೆಹೇಮ್, ಯೆರಿಕೋ ಎರಡೂ ಅಲ್ಲೇ ಬರುತ್ತವೆ.

ಯೆರೂಸಲೇಮಿನ ಹಳೆಯ ಪಟ್ಟಣ ಒಂದು ಚದರ ಕಿಲೋಮೀಟರಿಗಿಂತ ಚಿಕ್ಕದು. ಈಗ ಕಾಣುವ ಗೋಡೆ ಆಟೋಮನ್ ಸುಲ್ತಾನ ಸುಲೇಮಾನ್ 16ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಬಸ್ ಒಳಗೆ ಬರುವುದಿಲ್ಲ. ಸಿಂಹದ್ವಾರದಿಂದ ಶಿಲುಬೆಯ ದಾರಿ ಹಿಡಿದು ಪವಿತ್ರ ಸಮಾಧಿಯ ಚರ್ಚಿಗೆ ಸುಮಾರು 600 ಮೀಟರ್. ಕೇಳಲು ಸ್ವಲ್ಪ, ನಡೆಯಲು ಬಹಳ. ಏರಿಳಿತ, ಮೆಟ್ಟಿಲು, ಶತಮಾನಗಳ ಕಾಲ ತುಳಿದು ನುಣುಪಾದ ಕಲ್ಲು, ಎರಡೂ ಬದಿ ಅಂಗಡಿ. ಮಳೆ ಬಿದ್ದರೆ ಚಪ್ಪಲಿ ನಿಲ್ಲುವುದಿಲ್ಲ, ರಬ್ಬರ್ ಅಟ್ಟೆಯ ಬೂಟು ಬೇಕು. ಗಾಲಿಕುರ್ಚಿ ಈ ದಾರಿಯಲ್ಲಿ ನಡೆಯದು, ಅಂಥವರನ್ನು ಜಾಫಾ ದ್ವಾರದ ಕಡೆಯಿಂದ ಕರೆತರುವ ಏರ್ಪಾಡು ಇದೆಯೇ ಕೇಳಿ. ಸಮಾಧಿಯ ಒಳಗೆ ಹೋಗುವ ಸಾಲು ಜನ ಹೆಚ್ಚಿದ್ದ ದಿನ ಗಂಟೆಗಟ್ಟಲೆ. ಬೆಳಗಿನ ಜಾವ ಬಾಗಿಲು ತೆರೆದಾಗಲೇ ಹೋದ ಗುಂಪಿಗೆ ಅದು ನಿಮಿಷಗಳ ಮಾತು. ಒಳ್ಳೆಯ ಗೈಡ್ ಯಾರೆಂದು ತಿಳಿಯಬೇಕಾದರೆ ಅವರು ಗುಂಪನ್ನು ಎಷ್ಟು ಗಂಟೆಗೆ ಎಬ್ಬಿಸುತ್ತಾರೆ ನೋಡಿ.

ವಾರದ ಲೆಕ್ಕ ತಪ್ಪಿದರೆ ತೊಂದರೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ದಮಸ್ಕ ದ್ವಾರ, ಸಿಂಹದ್ವಾರದ ಕಡೆ ಭಾರೀ ಜನ, ಪೊಲೀಸ್ ತಡೆ. ಆ ಹೊತ್ತು ಎಣ್ಣೆಮರಗಳ ಗುಡ್ಡದ ಮೇಲೋ ಬೇರೆ ಕಡೆಯೋ ಇರುವುದು ಜಾಣತನ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಯಹೂದಿಗಳ ಸಬ್ಬತ್, ಊರ ಬಸ್ಸು, ಟ್ರಾಮ್ ನಿಲ್ಲುತ್ತವೆ. ಅಲ್-ಅಕ್ಸಾ ಆವರಣಕ್ಕೆ ಮುಸ್ಲಿಮರಲ್ಲದವರಿಗೆ ಶುಕ್ರವಾರ, ಶನಿವಾರ ಪ್ರವೇಶವಿಲ್ಲ, ಉಳಿದ ದಿನವೂ ಕೆಲವೇ ಗಂಟೆ. ಬೈಬಲ್, ಶಿಲುಬೆ ಬಸ್ಸಿನಲ್ಲೇ ಬಿಟ್ಟು ಹೋಗಬೇಕು, ಬಾಗಿಲಲ್ಲೇ ತಡೆಯುತ್ತಾರೆ. ರಂಜಾನ್ ಮತ್ತು ಪಸ್ಕ ಹಬ್ಬ ಒಟ್ಟಿಗೆ ಬರುವ ವಾರಗಳಲ್ಲಿ ಬಿಗುವು ಹೆಚ್ಚು, ಹೊಸಬರು ಆ ತಾರೀಖು ಬಿಡುವುದು ಲೇಸು.

(ಬೀದರ್, ಕಲಬುರಗಿಯವರಿಗೆ ಅಲ್ಲೊಂದು ನಂಟಿದೆ, ಪಾಂಪ್ಲೆಟ್‌ನಲ್ಲಿ ಇರುವುದಿಲ್ಲ. ಹೆರೋದ ದ್ವಾರದ ಹತ್ತಿರ ಭಾರತೀಯರ ಒಂದು ಹಳೆಯ ಛತ್ರವಿದೆ, ಚಿಶ್ತಿ ಸೂಫಿ ಪರಂಪರೆಯ ಬಾಬಾ ಫರೀದರು ಅಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆ. ಕಲಬುರಗಿಯ ಬಂದೇ ನವಾಜರೂ ಅದೇ ಪರಂಪರೆಯವರು. ಗೈಡಿಗೆ ಹೇಳಿದರೆ ಹೊರಗಿನಿಂದಾದರೂ ತೋರಿಸುತ್ತಾರೆ.)

ಸೈರನ್ ವಿಷಯ ಹೊರಡುವ ಮುಂಚಿನ ಸಭೆಯಲ್ಲೇ ಹೇಳಬೇಕು. ಸಾಮಾನ್ಯವಾಗಿ ಆ ಸಭೆಯಲ್ಲಿ ಟೋಪಿ, ಬ್ಯಾಗು ಹಂಚಿ ಮುಗಿಸುತ್ತಾರೆ. ಇಸ್ರೇಲಿನಲ್ಲಿ ನಾಗರಿಕರ ರಕ್ಷಣೆ ನೋಡಿಕೊಳ್ಳುವ ಹೋಮ್ ಫ್ರಂಟ್ ಕಮಾಂಡ್‌ನ ಆ್ಯಪ್ ಇಂಗ್ಲಿಷಿನಲ್ಲೂ ಎಚ್ಚರಿಕೆ ಕೊಡುತ್ತದೆ, ಆದರೆ ಇಂಟರ್‌ನೆಟ್ ಬೇಕು. ಹೋಟೆಲಿನ ವೈಫೈ ನಂಬಿ ಹೋದವರ ಫೋನು ಬೀದಿಯಲ್ಲಿ ಸುಮ್ಮನಿರುತ್ತದೆ. ನಾಲ್ಕು ಮಂದಿಗೆ ಒಂದಾದರೂ ಸ್ಥಳೀಯ ಸಿಮ್ ಇರಲಿ. ಯೆರೂಸಲೇಮಿನಲ್ಲಿ ಸೈರನ್ ಕೂಗಿದ ಮೇಲೆ ಆಶ್ರಯ ಸೇರಲು ಸಿಗುವುದು ಸುಮಾರು 90 ಸೆಕೆಂಡು. ಮೂರನೇ ಮಹಡಿಯ ಕೋಣೆಯಿಂದ ಕೋಲು ಹಿಡಿದ ಅಜ್ಜಿ ಅಷ್ಟರಲ್ಲಿ ಕೆಳಗೆ ಬರಲಾರರು. ಹಾಗಾಗಿ ಹಿರಿಯರಿಗೆ ಆಶ್ರಯ ಕೋಣೆ ಇರುವ ಮಹಡಿಯಲ್ಲೇ, ಇಲ್ಲವಾದರೆ ಅದರ ಹತ್ತಿರದ ಮಹಡಿಯಲ್ಲೇ ರೂಮು ಕೇಳಿ. ಹೋಟೆಲ್ ಸೇರಿದ ತಕ್ಷಣ ಆ ಕೋಣೆ ಎಲ್ಲಿದೆ ಎಂದು ನಡೆದು ನೋಡಿ ಬರಬೇಕು. ಹಳೆಯ ಪಟ್ಟಣದ ಒಳಗೆ ಇಂಥ ಕೋಣೆಗಳು ಬಹಳ ಕಡಿಮೆ, ದಪ್ಪ ಕಲ್ಲುಗೋಡೆಯ ಒಳಭಾಗವೇ ಗತಿ. ದಾರಿಯಲ್ಲಿ ಬಸ್ಸಿನಲ್ಲಿದ್ದರೆ ಇಳಿದು ದೂರ ಹೋಗಿ ನೆಲಕ್ಕೆ ಮಲಗಿ ಕೈಯಿಂದ ತಲೆ ಮುಚ್ಚಿಕೊಳ್ಳಬೇಕು. ಬೇತ್ಲೆಹೇಮಿನ ಹೋಟೆಲಿನಲ್ಲಿ ಆಶ್ರಯ ಕೋಣೆ ಇರುತ್ತದೆಂದು ಎಣಿಸಬೇಡಿ, ಕೇಳಿ ತಿಳಿದುಕೊಳ್ಳಿ.

ವಿಮಾನ ನಿಂತು ಸಿಕ್ಕಿಹಾಕಿಕೊಂಡರೆ ಸರ್ಕಾರ ಕರೆತರುತ್ತದೆ, 2023ರ ಅಕ್ಟೋಬರ್‌ನಲ್ಲಿ ಆಪರೇಷನ್ ಅಜಯ್, 2025ರ ಜೂನ್‌ನಲ್ಲಿ ಆಪರೇಷನ್ ಸಿಂಧು ನಡೆದವು. ಎರಡನೆಯದರಲ್ಲಿ ಇಸ್ರೇಲಿನ ಆಕಾಶ ಮುಚ್ಚಿದ್ದರಿಂದ ಮಂದಿಯನ್ನು ನೆಲಮಾರ್ಗದಲ್ಲಿ ಜೋರ್ಡಾನ್, ಈಜಿಪ್ಟ್ ಗಡಿ ದಾಟಿಸಿ ಕರೆತಂದರು. ಅದಕ್ಕೆ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿರಬೇಕು, ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. "ಕಳೆದೀತು, ನಮ್ಮ ಹತ್ತಿರ ಇರಲಿ" ಎಂದು ಟೂರ್ ಮ್ಯಾನೇಜರ್ ಕೇಳಿದರೆ ಕೊಡಬೇಡಿ. ಆ ಜೂನ್‌ನಲ್ಲಿ ಒಂದು ರಾತ್ರಿ ಕತಾರ್, ಕುವೈತ್, ದುಬೈ ಕಡೆಯ ಆಕಾಶವೂ ಮುಚ್ಚಿತ್ತು. ಎಂದರೆ ವಿಮಾನ ಬದಲಿಸುವ ಊರಿನಲ್ಲೂ ಸಿಕ್ಕಿಬೀಳಬಹುದು. ಔಷಧಿ ಹತ್ತು ದಿನಕ್ಕಲ್ಲ, ಹದಿನೈದು ದಿನಕ್ಕೆ ಸಾಲುವಷ್ಟು, ಕೈಚೀಲದಲ್ಲೇ, ವೈದ್ಯರ ಇಂಗ್ಲಿಷ್ ಚೀಟಿ ಸಮೇತ.

ಊರಲ್ಲಿ ಮಾಡಬೇಕಾದ್ದು ಸ್ವಲ್ಪ. ಪಾಸ್‌ಪೋರ್ಟ್ ನೀವು ಊರಿಗೆ ವಾಪಸಾಗುವ ದಿನದಿಂದ ಆರು ತಿಂಗಳಿಗಿಂತ ಹೆಚ್ಚು ಜೀವಂತ ಇರಬೇಕು. ಹಿರಿಯರ ಆಧಾರಿನಲ್ಲಿ ಒಂದು ಹೆಸರು, ಮತದಾರರ ಚೀಟಿಯಲ್ಲಿ ಇನ್ನೊಂದು ಇರುವುದು ನಮ್ಮಲ್ಲಿ ಮಾಮೂಲಿ, ಮೊದಲು ಆಧಾರ್ ಸರಿಪಡಿಸಿ ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಮನೆತನದ ಹೆಸರಿನ ಜಾಗ ಖಾಲಿ ಬಿಡಬೇಡಿ, ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಗಲ್ಫಿನ ದಾರಿಯಲ್ಲಿ ತಕರಾರು ಬರುತ್ತದೆ. ಬೀದರ್‌ನಿಂದ ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ಹತ್ತಿರ ಔಟರ್ ರಿಂಗ್ ರೋಡ್ ಹಿಡಿದರೆ ಮೂರು ತಾಸು. ಹೈದರಾಬಾದ್ ಊರೊಳಗೆ ನುಗ್ಗುವ ವಾಹನ ಬೇಡ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಆದರೆ ಹಿಂಡಿಯನ್ನು ದೊಡ್ಡ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಯಾವ ಪುಡಿ ಕಂಡರೂ ತಪಾಸಣೆಯವರು ಬಿಚ್ಚಿಸುತ್ತಾರೆ. ಇಸ್ರೇಲ್ ಗಡಿಯಲ್ಲಿ "ಬ್ಯಾಗ್ ಯಾರು ಕಟ್ಟಿದರು, ಯಾರಾದರೂ ಏನಾದರೂ ಕೊಟ್ಟರೇ" ಎಂದು ಕೇಳಿಯೇ ಕೇಳುತ್ತಾರೆ. ಬೇರೆಯವರ ಗಂಟು ಒಯ್ಯದಿದ್ದರೆ ಉತ್ತರ ಸಲೀಸು. ಅಲ್ಲಿಯ ತುರ್ತು ನಂಬರುಗಳು ಪೊಲೀಸ್ 100, ಆಂಬುಲೆನ್ಸ್ 101, ಅಗ್ನಿಶಾಮಕ 102. ಇವನ್ನೂ ಪಾಸ್‌ಪೋರ್ಟ್ ಕವರಿನ ಆ ಕಾಗದದಲ್ಲೇ ಬರೆದಿಡಿ.