ಟ್ರೀಟ್‌ಮೆಂಟ್ ಮುಗಿದ ಮಕ್ಕಳ ಗ್ರೂಪ್ ಸೆಷನ್, 6 ವಾರ ಹೋಗಿ ಬಂದ್ಮೇಲೆ

ಮಗನಿಗೆ ಬ್ಲಡ್ ಕ್ಯಾನ್ಸರ್, ಎಎಲ್ಎಲ್ ಅಂತಾರಲ್ಲ ಅದು. ಎರಡೂವರೆ ವರ್ಷ ಟ್ರೀಟ್‌ಮೆಂಟ್ ನಡೀತು, ಮುಗ್ದು ಈಗ ಒಂದು ವರ್ಷ ಆಯ್ತು, ರಿಪೋರ್ಟ್ ಎಲ್ಲಾ ನಾರ್ಮಲ್. ಹುಡುಗ ಮಾತ್ರ ನಾರ್ಮಲ್ ಇರ್ಲಿಲ್ಲ. ರಾತ್ರಿ ಲೈಟ್ ಆರಿಸೋ ಹಾಗಿಲ್ಲ, ಚೆಕಪ್ ಡೇಟ್ ಹತ್ರ ಬಂದ್ರೆ ಹೊಟ್ಟೆನೋವು. ಅದಕ್ಕೇ ಆಸ್ಪತ್ರೆಯವ್ರು ನಡ್ಸೋ ಈ ಗ್ರೂಪ್‌ಗೆ ಸೇರಿಸ್ದೆ. ಕೌನ್ಸೆಲರ್ ಒಬ್ರು, ಸ್ಪಿರಿಚುವಲ್ ಕೇರ್ ಮೇಡಂ ಒಬ್ರು, ಎಂಟ್ಹತ್ತು ಮಕ್ಕಳು.

ಸ್ಪಿರಿಚುವಲ್ ಅಂದಾಗ ನಂಗೆ ಅನುಮಾನಾನೇ ಇತ್ತು, ಕಣ್ಮುಚ್ಚಿಸಿ ಕೂರಿಸಿ ಉಪದೇಶ ಕುಟ್ತಾರೆ ಅಂತ. ಹಾಗೇನಿಲ್ಲ. ಮೂರನೇ ವಾರ ಅಪ್ಪ ಅಮ್ಮಂದಿರೂ ಒಳಗಿದ್ವಿ, ಇವನು ಕೇಳೇಬಿಟ್ಟ, "ದೇವ್ರು ನನ್ನ ಉಳಿಸ್ದ ಅಂತ ಅಮ್ಮ ಹೇಳ್ತಾಳೆ, ಪಕ್ಕದ ಬೆಡ್ಡವನನ್ನ ಯಾಕೆ ಉಳಿಸ್ಲಿಲ್ಲ?" ನಾನು ಕೂತಲ್ಲೇ ಬೆವ್ತೋದೆ. ಮೇಡಂ ಉತ್ತರ ಕೊಡೋಕೇ ಹೋಗ್ಲಿಲ್ಲ. "ಅವನ ಹೆಸ್ರೇನು? ಇಬ್ರೂ ಏನಾಡ್ತಿದ್ರಿ?" ಅಂದ್ರು ಅಷ್ಟೇ. ಇವನು ಇಪ್ಪತ್ತು ನಿಮಿಷ ಮಾತಾಡ್ದ, ಡ್ರಿಪ್ ಸ್ಟ್ಯಾಂಡ್ ತಳ್ಕೊಂಡು ಕಾರಿಡಾರಲ್ಲಿ ರೇಸ್ ಹೋಗಿದ್ದು, ನರ್ಸ್ ಬೈದಿದ್ದು, ಸೋತಾಗ ಅವನು ಮುಸುಕು ಹಾಕ್ಕೊಂಡು ಮಲಗ್ತಿದ್ದಿದ್ದು. ಮನೇಲಿ ಒಂದು ವರ್ಷದಿಂದ ಆ ಹುಡುಗನ ಸುದ್ದಿ ಯಾರೂ ಎತ್ತಿರ್ಲಿಲ್ಲ, ಮರ್ತಿದಾನೆ ಅಂದ್ಕೊಂಡಿದ್ವಿ, ನಮ್ಮ ಬುದ್ಧಿಗಿಷ್ಟು.

ಇನ್ನೊಂದು ಪುಟ್ಟ ಹುಡುಗಿ, ತಂಗಿಗೆ ಹೊಡೆದಿದ್ದಕ್ಕೇ ತನಗೆ ಕಾಯಿಲೆ ಬಂತು ಅಂದ್ಕೊಂಡಿದ್ಳಂತೆ. ಚಿಕ್ಕ ಮಕ್ಕಳು ಹೀಗೆ ಅಂದ್ಕೊಳ್ಳೋದು ಕಾಮನ್. ಅದಕ್ಕೆ ಮಾತ್ರ ಕೌನ್ಸೆಲರ್ ಸುತ್ತುಬಳಸ್ಲಿಲ್ಲ, ನಿನ್ನ ತಪ್ಪಲ್ಲ ಪುಟ್ಟಾ, ಮೂಳೆ ಒಳಗೆ ರಕ್ತ ತಯಾರಾಗೋ ಜಾಗದಲ್ಲಿ ಕೆಲವು ಕಣ ಕೆಟ್ಟು ಜಾಸ್ತಿ ಆಗಿದ್ವು ಅಂತ ನೇರ ಹೇಳಿದ್ರು. ಎಲ್ಲಿ ಸುಮ್ನಿರ್ಬೇಕು ಎಲ್ಲಿ ಹೇಳ್ಬೇಕು ಗೊತ್ತಿರೋ ಜನ.

ತಕರಾರು ಇದೆ. ರೂಮ್ ಇರೋದು ಕೀಮೋ ಡೇಕೇರ್ ಫ್ಲೋರಲ್ಲೇ! ಲಿಫ್ಟ್ ಬಾಗಿಲು ತೆರೆದ್ರೆ ಸ್ಪಿರಿಟ್ ವಾಸನೆ, ಮಗ ಮೊದಲ ದಿನ ಅಲ್ಲೇ ವಾಂತಿ ಮಾಡ್ಕೊಂಡ. ಕೀಮೋ ಟೈಮಲ್ಲಿ ಆ ವಾಸನೆಗೂ ವಾಂತಿಗೂ ಗಂಟು ಬಿದ್ದಿರತ್ತೆ, ಔಷಧಿ ನಿಂತ್ರೂ ಬಿಡಲ್ಲ, ಅವ್ರಿಗಿದು ನಮಗಿಂತ ಚೆನ್ನಾಗಿ ಗೊತ್ತು. ಕೇಳಿದ್ರೆ ಬೇರೆ ರೂಮ್ ಖಾಲಿ ಇಲ್ವಂತೆ. ಒಡಹುಟ್ಟಿದವ್ರಿಗೂ ಏನಿಲ್ಲ, ಮಗಳು ಪ್ರತಿ ವಾರ ಹೊರಗೆ ಬೆಂಚಲ್ಲಿ ಕಾಲಾಡಿಸ್ಕೊಂಡು ಕೂತಿದ್ಳು. ವಾರಕ್ಕೊಂದು ಗಂಟೆ, 6 ವಾರಕ್ಕೇ ಮುಗಿಸಿಬಿಡ್ತಾರೆ ಬೇರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ಗುಣ ಆಗ್ತಾರೆ ಈಗ, ಗುಣ ಆದ್ಮೇಲಿನ ಬದುಕಿಗೆ 6 ಗಂಟೆ ಸಾಕಾ?

ಲೈಟ್ ಇನ್ನೂ ಆರಿಸೋಕೆ ಬಿಡಲ್ಲ, ಹೊಟ್ಟೆನೋವು ಕಮ್ಮಿ ಆಗಿದೆ. ನಾಲ್ಕು ಸ್ಟಾರ್. ಹೋಗೋರು ಲಿಫ್ಟ್ ಬೇಡ, ಹಿಂದಿನ ಮೆಟ್ಟಿಲು ಹತ್ತಿ, ಆ ಕಡೆ ವಾಸನೆ ಬರಲ್ಲ.