ಬೆಂಚ್ ಶರ್ಟ್ "ಸೆಟ್ ಮಾಡಿಕೊಡ್ತೀನಿ" ಅನ್ನುವವರ ಕೈಗೆ ಶರ್ಟ್ ಕೊಡಬೇಡಿ

ಬೆಂಚ್ ಶರ್ಟ್ (ಜಾಸ್ತಿ ಭಾರ ಎತ್ತಲು ನೆರವಾಗುವ, ತುಂಬಾ ಬಿಗಿಯಾದ ಗಟ್ಟಿ ಬಟ್ಟೆಯ ಅಂಗಿ) ಹಾಕಿ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಬಾರ್ ಎದೆಗೆ ಇಳಿಸಿ ಮೇಲೆ ತಳ್ಳುವುದು) ಮಾಡುವವರು ದಯವಿಟ್ಟು ಪೂರ್ತಿ ಓದಿ. "ನಿಮ್ಮ ಶರ್ಟ್ ಕೊಡಿ, ಟೈಟ್ ಮಾಡಿ ಸೆಟ್ ಮಾಡಿಕೊಡ್ತೀನಿ, ಇಷ್ಟು ಕಿಲೋ ಜಾಸ್ತಿ ಬರುತ್ತೆ" ಅಂತ ಯಾರಾದರೂ ಹೇಳಿದರೆ ಶರ್ಟ್ ಕೊಡಬೇಡಿ. ದುಡ್ಡಂತೂ ಕೊಡಲೇಬೇಡಿ. ನನ್ನ ಶರ್ಟ್ ಹಾಳಾಯಿತು, ಸ್ಪರ್ಧೆ ಹಾಳಾಯಿತು, ನಾಲ್ಕು ಜನರ ಮುಂದೆ ಕಳ್ಳನ ಥರ ನಿಲ್ಲಬೇಕಾಯಿತು. ಮೊದಲ ಎರಡನ್ನು ಹೇಗೋ ನುಂಗಿಕೊಳ್ಳಬಹುದು. ಮೂರನೆಯದು ಇನ್ನೂ ಉರಿಯುತ್ತಿದೆ.

ನನ್ನದು ಒಂದೇ ಪದರದ ಶರ್ಟ್. ಐಪಿಎಫ್ (ಅಂತಾರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ಒಪ್ಪಿದ ಪಟ್ಟಿಯಲ್ಲಿರುವ ಮಾಡೆಲ್. ಹೊಸದಾಗಿದ್ದಾಗ ಕಬ್ಬಿಣದ ಹಾಗಿತ್ತು, ಎದೆಗೆ ಬಾರ್ ತಾಗಿಸುವುದೇ ಕಷ್ಟ. ಮೊದಲು ಎದೆ ಮೇಲೆ ಮೂರು ಬೋರ್ಡ್ (ಮರದ ಹಲಗೆ) ಇಟ್ಟು ಬಾರ್ ಅಲ್ಲಿವರೆಗೆ ಮಾತ್ರ ಇಳಿಸಿ, ಆಮೇಲೆ ಎರಡು, ಆಮೇಲೆ ಒಂದು, ಹೀಗೇ ನಿಧಾನವಾಗಿ ಪಳಗಿಸಿದ್ದೆ. ತುಂಬಾ ದಿನ ಬಳಸಿದ ಮೇಲೆ ಬಟ್ಟೆ ಸ್ವಲ್ಪ ಸಡಿಲ ಬಿಟ್ಟಿತ್ತು. ಶರ್ಟ್ ಇಲ್ಲದೆ ಎತ್ತುವ ಭಾರಕ್ಕೂ ಶರ್ಟ್ ಹಾಕಿ ಎತ್ತುವ ಭಾರಕ್ಕೂ ಮೊದಲಿದ್ದ ಅಂತರ ಉಳಿದಿರಲಿಲ್ಲ. ಇದು ಎಲ್ಲರಿಗೂ ಆಗುವುದೇ ಅಲ್ವಾ. ಆಗಲೇ ಈ ಮಹಾಶಯ ಸಿಕ್ಕಿದ್ದು.

ತಾನು ಶರ್ಟ್ ಸ್ಪೆಷಲಿಸ್ಟ್ ಅಂತ ಹೇಳಿಕೊಳ್ಳುತ್ತಾನೆ. ದೊಡ್ಡ ದೊಡ್ಡ ಲಿಫ್ಟರ್‌ಗಳ ಶರ್ಟ್ ಎಲ್ಲಾ ತಾನೇ ಸೆಟ್ ಮಾಡಿದ್ದಂತೆ. ಯಾವ ಸ್ಪರ್ಧೆ, ಯಾವ ನಿಯಮ, ಎಲ್ಲಾ ಬಿಡಿಸಿ ಹೇಳಿದ್ದೆ. "ಐಪಿಎಫ್ ರೂಲ್ಸ್ ಪ್ರಕಾರ ಚೆಕಿಂಗ್ ಇರುತ್ತೆ, ಅದರಲ್ಲಿ ಪಾಸ್ ಆಗಬೇಕು" ಅಂತ ಬರೆದೇ ಕಳಿಸಿದ್ದೆ. ಅವನ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "ಟೆನ್ಶನ್ ತಗೋಬೇಡಿ ಅಣ್ಣ. ಮೊದಲಿರೋ ಹೊಲಿಗೆ ಜಾಗದಲ್ಲೇ ಸ್ವಲ್ಪ ಒಳಗೆ ತಗೋತೀನಿ ಅಷ್ಟೇ. 30 ಕಿಲೋ ಗ್ಯಾರಂಟಿ. ಚೆಕಿಂಗಲ್ಲಿ ಏನಾದ್ರೂ ಆದ್ರೆ ನಾನು ಜವಾಬ್ದಾರಿ."

ನಾನು ಜವಾಬ್ದಾರಿ. ಈ ಮಾತು ನೆನಪಿಟ್ಟುಕೊಳ್ಳಿ.

ಶರ್ಟ್ ವಾಪಸ್ ಕೊಡುತ್ತೇನೆ ಅಂದ ದಿನ ಅವನು ಕೊಡಲಿಲ್ಲ. ಕೇಳಿದಾಗಲೆಲ್ಲ "ನಾಳೆ ಪಕ್ಕಾ ಅಣ್ಣ". ಕೊನೆಗೆ ಸ್ಪರ್ಧೆ ಹತ್ತಿರ ಬಂದ ಮೇಲೆ ಕೈಗೆ ಬಂತು. ಹಾಕಿಕೊಳ್ಳುವಾಗ ಇಬ್ಬರು ತೋಳು ಹಿಡಿದು ಎಳೆಯಬೇಕಾಯಿತು. ಕಂಕುಳ ಹತ್ತಿರ ಚರ್ಮ ಕಿತ್ತು ಬಂತು. ಪರವಾಗಿಲ್ಲ, ಟೈಟ್ ಅಂದರೆ ಇಷ್ಟು ಇರಬೇಕು ಅಂತ ನಮ್ಮ ಜಿಮ್ಮಿನವರೂ ಅಂದರು.

ಬೆಂಚ್ ಮೇಲೆ ಮಲಗಿದಾಗ ಕಥೆ ಬೇರೆ. ಬಾರ್ ಎದೆಯಿಂದ ಒಂದು ಗೇಣು ಮೇಲೇ ನಿಂತುಬಿಡುತ್ತಿತ್ತು. ಅದೂ ನೆಟ್ಟಗೆ ಅಲ್ಲ. ಎಡಗಡೆ ಇಳಿಯುತ್ತಿತ್ತು, ಬಲಗಡೆ ಇಳಿಯುತ್ತಿರಲಿಲ್ಲ. ಮೆಸೇಜ್ ಮಾಡಿದೆ. "ಭಾರ ಜಾಸ್ತಿ ಹಾಕಿ ಅಣ್ಣ, ತಾನಾಗೇ ಇಳಿಯುತ್ತೆ." ಸರಿ, ಹಾಕಿದೆವು. ಬಾರ್ ಇಳಿಯಿತು, ಆದರೆ ಎದೆಯ ಕಡೆಗಲ್ಲ, ಮುಖದ ಕಡೆಗೆ ವಾಲಿತು. ಎರಡೂ ಕಡೆ ಬಾರ್ ಹಿಡಿಯಲು ಸ್ಪಾಟರ್‌ಗಳಿದ್ದರು, ತಲೆಯ ಹಿಂದೆ ಇನ್ನೊಬ್ಬ ಇದ್ದ. ಮೂವರೂ ಒಟ್ಟಿಗೆ ಹಿಡಿದರು. ಅವರಿಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ. ಬೆಂಚ್ ಶರ್ಟಲ್ಲಿ ಬಾರ್ ದಾರಿ ತಪ್ಪಿದರೆ ಏನಾಗುತ್ತೆ ಅಂತ ಹಾಕಿದವರಿಗೆಲ್ಲ ಗೊತ್ತು.

ಅದಕ್ಕೆ ಅವನ ಉತ್ತರ? "ಮೊಣಕೈ ಒಳಗೆ ಇಟ್ಕೊಳ್ಳಿ ಅಣ್ಣ. ಕಾಲರ್ ಇನ್ನೂ ಕೆಳಗೆ ಎಳ್ಕೊಳ್ಳಿ. ಬಾರ್ ಹೊಟ್ಟೆ ಕಡೆ ತನ್ನಿ."

ನೋಡಿ, ಇಲ್ಲೇ ಇರುವುದು ಇವರ ಚಾಲಾಕಿತನ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಶರ್ಟಿನ ತೋಳು ಮುಂದಕ್ಕೆ ಚಾಚಿರುವ ಹಾಗೆ ಹೊಲಿದಿರುತ್ತದೆ. ಬಾರ್ ಇಳಿದ ಹಾಗೆ ಎದೆಯ ಬಟ್ಟೆ ಬಿಗಿಯುತ್ತದೆ, ಕೆಳಗಿನಿಂದ ಮೇಲೆ ಬರುವಾಗ ಆ ಬಿಗಿತವೇ ತಳ್ಳುತ್ತದೆ. ಹಗುರ ಭಾರಕ್ಕೆ ಎದೆ ತಾಗುವುದೇ ಇಲ್ಲ, ಅದೂ ನಿಜ. ಮೊಣಕೈ ಅಗಲಿಸಿ ಇಳಿಸಿದರೆ ಬಾರ್ ಮುಖಕ್ಕೆ ಬರುತ್ತದೆ, ಅದೂ ನಿಜ. ಇದು ಶರ್ಟ್ ಹಾಕಿ ಒಂದು ತಿಂಗಳಾದವನಿಗೂ ಗೊತ್ತಿರುವ ವಿಷಯ. ಇದೇ ಶರ್ಟಲ್ಲಿ, ಇದೇ ಮೊಣಕೈಯಲ್ಲಿ ಮೊದಲು ಬಾರ್ ನೆಟ್ಟಗೆ ಇಳಿಯುತ್ತಿತ್ತಲ್ಲ ಮಾರಾಯ, ಈಗ ಯಾಕೆ ವಾರೆ ಹೋಗುತ್ತಿದೆ ಅಂತ ಕೇಳಿದರೆ ಅದಕ್ಕೆ ಮಾತ್ರ ಉತ್ತರ ಇಲ್ಲ. ಬರೀ ಹೆಬ್ಬೆರಳಿನ ಚಿತ್ರ.

ಈಗ ಸ್ಪರ್ಧೆಗೆ ಬರುತ್ತೇನೆ.

ಚೆಕಿಂಗ್ ಟೇಬಲ್ ಹತ್ತಿರ ಸಾಲು ಇತ್ತು. ನನ್ನ ಬೆಲ್ಟ್ ನೋಡಿದರು, ಮಣಿಕಟ್ಟಿಗೆ ಸುತ್ತುವ ರಿಸ್ಟ್ ರ‍್ಯಾಪ್ ಅಳೆದರು, ಸರಿ ಅಂದರು. ಶರ್ಟ್ ಎತ್ತಿಕೊಂಡು ಲೇಬಲ್ ನೋಡಿ ತಲೆ ಆಡಿಸಿದರು. ಆಮೇಲೆ ಒಳಗೆ ಕೈ ಹಾಕಿ ಪೂರ್ತಿ ಒಳಮಗ್ಗಲು ತಿರುಗಿಸಿದರು. ಹೊಲಿಗೆ ಮೇಲೆ ಹೆಬ್ಬೆರಳು ಒತ್ತುತ್ತಾ ಬಂದರು. ತೋಳು, ಭುಜ, ಕಂಕುಳು. ಕಂಕುಳ ಹತ್ತಿರ ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲಿಗೇ ಬಂತು. "ಇದೇನು?" ಅಂದರು.

ಬಗ್ಗಿ ನೋಡಿದೆ. ಅದೇ ಬಣ್ಣದ ಇನ್ನೊಂದು ಪಟ್ಟಿ. ಕಂಕುಳಿಂದ ಎದೆಯ ಕಡೆಗೆ, ಒಳಗಡೆಯಿಂದ ಇಟ್ಟು ಹೊಲಿದಿದ್ದಾನೆ. ದಾರ ಮಾತ್ರ ಒಂದು ಛಾಯೆ ತೆಳು. ಬಲಗಡೆ ಪಟ್ಟಿ ಅಗಲ, ಎಡಗಡೆ ಸಣ್ಣದು. ಬಾರ್ ಯಾಕೆ ವಾರೆ ಹೋಗುತ್ತಿತ್ತು ಅಂತ ಆ ಕ್ಷಣಕ್ಕೆ ಗೊತ್ತಾಯಿತು. ಪಟ್ಟಿಯ ಪಕ್ಕದಲ್ಲಿದ್ದ ಕಂಪನಿ ಹೊಲಿಗೆ ಆಗಲೇ ಬಾಯಿ ಬಿಡಲು ಶುರುವಾಗಿತ್ತು.

ಶರ್ಟ್ ಒಂದೇ ಪದರ ಇರಬೇಕು, ತೇಪೆ ಇರಬಾರದು, ಒಳಗೆ ಮೆತ್ತೆ ಇರಬಾರದು. ನಿಯಮ ಇಷ್ಟು ಸರಳ. ಅಲ್ಲಿ ನಾನು ಏನು ಹೇಳಲಿ? "ನನಗೆ ಗೊತ್ತಿರಲಿಲ್ಲ ಸರ್" ಅಂದೆ. ಸಿಕ್ಕಿಬಿದ್ದವರೆಲ್ಲ ಹೇಳುವುದು ಅದೇ ತಾನೆ. ಅವರು ಬೈಯಲೂ ಇಲ್ಲ. ಸುಮ್ನೆ ಶರ್ಟ್ ಮಡಚಿ ಪಕ್ಕಕ್ಕೆ ಇಟ್ಟು "ಬೇರೆ ಇದ್ದರೆ ತನ್ನಿ" ಅಂದರು. ಸಾಲಿನಲ್ಲಿ ಹಿಂದೆ ಇದ್ದ ಹುಡುಗರು ಕತ್ತು ಚಾಚಿ ನೋಡುತ್ತಿದ್ದರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಅಂದ. ಬೈದಿದ್ದರೆ ವಾಸಿಯಿತ್ತು.

ಬೇರೆ ಶರ್ಟ್ ಎಲ್ಲಿಂದ ತರುವುದು? ಇನ್ನೊಬ್ಬರ ಎದೆ ಅಳತೆ, ತೋಳಿನ ಅಳತೆಗೆ ಇರುವ ಶರ್ಟ್ ನಮಗೆ ಆಗುತ್ತದಾ? ಮೊದಲ ಸುತ್ತು ಶುರುವಾಗಲು ಮೂರು ನಿಮಿಷ ಇರುವ ತನಕ ಮೊದಲ ಪ್ರಯತ್ನಕ್ಕೆ ಬರೆಸಿದ ಭಾರವನ್ನು ಒಮ್ಮೆ ಬದಲಾಯಿಸಬಹುದು. ಓಡಿಹೋಗಿ ಇಳಿಸಿದೆ. ಟೀ ಶರ್ಟಲ್ಲೇ ಬೆಂಚ್ ಮಾಡಿದೆ. ಸುತ್ತ ಎಲ್ಲರೂ ಶರ್ಟ್ ಹಾಕಿ ಕೈ ಮುಂದಕ್ಕೆ ಚಾಚಿಕೊಂಡು ಓಡಾಡುತ್ತಿದ್ದಾರೆ, ನಾನೊಬ್ಬ ಟೀ ಶರ್ಟಲ್ಲಿ. ಯಾಕೆ ಅಂತ ಕೇಳಿದವರಿಗೆಲ್ಲ ಒಂದೇ ಕಥೆ ಮತ್ತೆ ಮತ್ತೆ ಹೇಳಬೇಕಾಯಿತು. ನಂಬಿದವರು ಎಷ್ಟು ಜನವೋ ದೇವರಿಗೇ ಗೊತ್ತು.

ಅಲ್ಲಿಂದಲೇ ಅವನಿಗೆ ಫೋಟೋ ಕಳಿಸಿದೆ. ನೋಡಿದ, ಉತ್ತರ ಇಲ್ಲ. ಫೋನ್ ಮಾಡಿದರೆ ಕಟ್. ರಾತ್ರಿ ಬಂತು ಮೆಸೇಜ್: "ಬೇರೆ ಫೆಡರೇಶನ್‌ಗಳಲ್ಲಿ ಎರಡು ಪದರ ನಡೆಯುತ್ತೆ ಅಣ್ಣ."

ನಡೆಯುತ್ತೆ ಸ್ವಾಮಿ, ಗೊತ್ತು. ಮಲ್ಟಿ ಪ್ಲೈ (ಹಲವು ಪದರ) ಅಂತ ಬೇರೆ ವಿಭಾಗವೇ ಇದೆ, ಬೆನ್ನ ಕಡೆ ತೆರೆದ ಶರ್ಟೂ ನಡೆಯುತ್ತೆ. ನಾನು ಹೋಗಿದ್ದು ಅಲ್ಲಿಗಲ್ಲವಲ್ಲ! ನಿನಗೆ ಮೊದಲೇ ಬರೆದು ಕಳಿಸಿದ್ದೆನಲ್ಲ! ಇದನ್ನು ಹೇಳಿದರೆ "ಆ ಜಡ್ಜ್ ಸ್ವಲ್ಪ ಸ್ಟ್ರಿಕ್ಟು" ಅಂದ. ಆಮೇಲೆ "ಅದು ತೇಪೆ ಅಲ್ಲ, ಸಪೋರ್ಟ್" ಅಂದ. ಆಮೇಲೆ "30 ಕಿಲೋ ಬಂದಿರಲಿಲ್ವಾ?" ಅಂತ ನನ್ನನ್ನೇ ಕೇಳಿದ. ಬಾರ್ ಎದೆಗೆ ತಾಗದೆ ಲಿಫ್ಟೇ ಇಲ್ಲ, ಕಿಲೋ ಎಲ್ಲಿಂದ ಬರುತ್ತೆ? ದುಡ್ಡು ವಾಪಸ್ ಕೇಳಿದ ಮೇಲೆ ಅಣ್ಣ ಹೋಗಿ ಸರ್ ಬಂತು: "ನೋಡಿ ಸರ್, ಕೆಲಸ ಮಾಡಿದೀನಿ, ಕೆಲಸಕ್ಕೆ ದುಡ್ಡು ತಗೊಂಡಿದೀನಿ."

ಅಮೆರಿಕದ ಲಿಫ್ಟರ್ ಜಾನ್ ಇಂಜರ್ 1980ರ ದಶಕದಲ್ಲಿ ಬೆಂಚ್ ಶರ್ಟ್ ಮಾಡಿದಾಗಿನಿಂದ ಇವತ್ತಿನವರೆಗೂ ಕಂಪನಿಗಳು ತೋಳಿನ ಕೋನ, ಬಟ್ಟೆ, ಹೊಲಿಗೆ ಅಂತ ತಿದ್ದುತ್ತಲೇ ಇವೆ. ಇವನು ಒಂದು ಮಿಷನ್ ಇಟ್ಟುಕೊಂಡು ಒಂದು ಪಟ್ಟಿ ಹೊಲಿದು ಅದೆಲ್ಲವನ್ನೂ ಮೀರಿಸಿಬಿಟ್ಟನಂತೆ!

ಶರ್ಟಿಂದ ಜಾಸ್ತಿ ಬೇಕು ಅಂದರೆ ಮೊದಲು ಹಾಕಿಕೊಳ್ಳುವ ರೀತಿ ನೋಡಿ. ಎರಡೂ ತೋಳು ಒಂದೇ ಸಮ ಮೇಲೆ ಬಂದಿದೆಯಾ, ಹೊಲಿಗೆ ತಿರುಚಿದೆಯಾ, ಕಾಲರ್ ಎಲ್ಲಿ ಕೂತಿದೆ. ಕಾಲರ್ ಸ್ವಲ್ಪ ಜಾರಿಸಿದರೂ ಬಾರ್ ತಾಗುವ ಜಾಗ ಬದಲಾಗುತ್ತದೆ. ಬಾರ್ ಎದೆ ಹತ್ತಿರ ಇರುವಾಗ ಶರ್ಟ್ ತಳ್ಳುತ್ತದೆ, ಮೇಲೆ ಬಂದಾಗ ಕೈ ನೆಟ್ಟಗೆ ಮಾಡುವುದು ನಿಮ್ಮ ಟ್ರೈಸೆಪ್ಸ್ (ತೋಳಿನ ಹಿಂಭಾಗದ ಸ್ನಾಯು), ಅದಕ್ಕೆ ಬೋರ್ಡ್ ಮೇಲೆ ದುಡಿಯಿರಿ. ಬಟ್ಟೆ ನಿಜವಾಗಲೂ ಸಡಿಲವಾಗಿದ್ದರೆ ಕಂಪನಿ ಅಳತೆ ಪಟ್ಟಿ ನೋಡಿ ಇನ್ನೊಂದು ತೆಗೆದುಕೊಳ್ಳಿ. ಕಿಲೋ ಗ್ಯಾರಂಟಿ ಕೊಡುವವನ ಹತ್ತಿರ ಮಾತ್ರ ಹೋಗಬೇಡಿ. ಈಗಾಗಲೇ ಕೊಟ್ಟಿದ್ದರೆ, ಇವತ್ತೇ ಶರ್ಟ್ ಒಳಮಗ್ಗಲು ತಿರುಗಿಸಿ ಕಂಕುಳ ಹತ್ತಿರ ಬೆರಳು ಆಡಿಸಿ ನೋಡಿ.

ದುಡ್ಡು ಬರಲಿಲ್ಲ, ಬರುವ ನಂಬಿಕೆಯೂ ಇಲ್ಲ. ಕೊನೆಗೆ, ಆ ಪಟ್ಟಿಯನ್ನಾದರೂ ಬಿಚ್ಚಿಕೊಡು, ಶರ್ಟ್ ಮೊದಲಿನ ಹಾಗೆ ಮಾಡಿಕೊಡು ಅಂದೆ. ಆಗಬಹುದಂತೆ. ಬಿಚ್ಚುವುದಕ್ಕೆ ಚಾರ್ಜ್ ಬೇರೆಯಂತೆ.